ಲಿಪಿಡ್ ಪ್ರೊಫೈಲ್ ಹೇಳದೆ ಬಿಡುವುದು

ನಮ್ಮ ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತವಾದವರು ಇರುವುದರಿಂದ ರಕ್ತದಲ್ಲಿನ ಕೊಬ್ಬಿನಂಶಗಳನ್ನು ತಿಳಿಸುವ ಲಿಪಿಡ್ ಪ್ರೊಫೈಲ್ ವರದಿಯನ್ನು ನಾನು ತುಸು ಕೆದಕಿಯೇ ಓದುತ್ತೇನೆ. ‘ಕೆಟ್ಟ ಕೊಲೆಸ್ಟ್ರಾಲ್’ ಎಂದು ನಾವು ಹೆದರುವ ಎಲ್‌ಡಿಎಲ್ ಅನ್ನು ಹಲವು ಪ್ರಯೋಗಾಲಯಗಳು ನೇರವಾಗಿ ಅಳೆಯುವುದಿಲ್ಲ. ಒಟ್ಟು ಕೊಲೆಸ್ಟ್ರಾಲಿನಿಂದ ‘ಒಳ್ಳೆಯ ಕೊಲೆಸ್ಟ್ರಾಲ್’ ಎನ್ನುವ ಎಚ್‌ಡಿಎಲ್ ಅನ್ನೂ ರಕ್ತದ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆದು ಲೆಕ್ಕ ಹಾಕುತ್ತವೆ. 1972ರಲ್ಲಿ ಫ್ರೀಡ್‌ವಾಲ್ಡ್ ಮತ್ತು ಸಂಗಡಿಗರು ಕೊಟ್ಟ ಈ ಸೂತ್ರವನ್ನು, ಟ್ರೈಗ್ಲಿಸರೈಡು ಡೆಸಿಲೀಟರಿಗೆ 400 ಮಿಲಿಗ್ರಾಂ ದಾಟಿದರೆ ನೆಚ್ಚುವಂತಿಲ್ಲ. ಟ್ರೈಗ್ಲಿಸರೈಡು ಹೆಚ್ಚು, ಎಚ್‌ಡಿಎಲ್ ಕಡಿಮೆ ಎಂಬ ಸ್ಥಿತಿ ಭಾರತೀಯರಲ್ಲಿ ಸಾಮಾನ್ಯವಾಗಿರುವಾಗ, ಕೇವಲ ಎಲ್‌ಡಿಎಲ್ ನೋಡಿ ನಿಶ್ಚಿಂತರಾಗುವುದು ನನಗೆ ಸರಿಯೆನಿಸುವುದಿಲ್ಲ. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆದರೆ ಉಳಿಯುವ, ಎಲ್ಲ ಬಗೆಯ ಕೆಟ್ಟ ಕೊಲೆಸ್ಟ್ರಾಲನ್ನೂ ಒಳಗೊಂಡ ಅಂಕಿಯನ್ನೂ ಗಮನಿಸಬಹುದು, ಅದಕ್ಕೆ ಹೆಚ್ಚಿನ ಹಣವೇನೂ ಬೇಡ.

ಸಾಮಾನ್ಯ ವರದಿಯಲ್ಲಿ ಕಾಣದಿರುವುದು ಲಿಪೊಪ್ರೋಟೀನ್-ಎ, ಅಂದರೆ ಎಲ್‌ಡಿಎಲ್ ಅನ್ನು ಹೋಲುವ, ಹೆಚ್ಚಾದರೆ ಹೃದಯಕ್ಕೆ ಅಪಾಯ ತರುವ ಒಂದು ಕಣ. ಅದರ ಮಟ್ಟವನ್ನು ಬಹುಪಾಲು ವಂಶವಾಹಿಗಳೇ ನಿರ್ಧರಿಸುವುದರಿಂದ, ಎಣ್ಣೆ ಬಿಟ್ಟರೂ ನಡಿಗೆ ಹೆಚ್ಚಿಸಿದರೂ ಅದು ಅಷ್ಟಾಗಿ ಇಳಿಯುವುದಿಲ್ಲ. ಜೀವನದಲ್ಲಿ ಒಮ್ಮೆಯಾದರೂ ಇದನ್ನು ಪರೀಕ್ಷಿಸಿಕೊಳ್ಳಬೇಕೆಂದು ಕಾರ್ಡಿಯಾಲಾಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರಲ್ಲಿ ಹೊರಡಿಸಿದ ಮಾರ್ಗಸೂಚಿ ಹೇಳುತ್ತದೆ. ಅಪಾಯದ ಅಂದಾಜಿಗೆ ಉಪವಾಸವಿಲ್ಲದ ರಕ್ತದ ಮಾದರಿಯೇ ಸಾಕೆಂದೂ ಅದರಲ್ಲಿದೆ. ಬೆಳಗಿನ ಕಾಫಿಯಿಲ್ಲದೆ ಸರದಿಯಲ್ಲಿ ಕೂತು ಸಿಡುಕುವವರಿಗೆ ಇದು ಸಣ್ಣ ಸುದ್ದಿಯೇನಲ್ಲ.