ಗಬ್ಬದ ಆಡುಗಳ ಕೀಟೋನ್ ದಾಖಲೆ: 100ನೇ ದಿನದಿಂದ ಮರಿ ಹಾಕಿದ ಎರಡನೇ ವಾರದವರೆಗೆ

100ನೇ ದಿನ
ಒಂಬತ್ತು ಉಸ್ಮಾನಾಬಾದಿ ತಳಿಯ ಆಡು ಗಬ್ಬ; ದಿನಗಳ ಎಣಿಕೆ ಗಬ್ಬ ಕಟ್ಟಿದಂದಿನಿಂದ. ಕೀಟೋನ್ ಎಂದರೆ ಮೈಕೊಬ್ಬು ಕರಗುವಾಗ ಯಕೃತ್ತಿನಲ್ಲಿ ಹುಟ್ಟುವ ವಸ್ತು. ಸ್ಕ್ಯಾನಿಂಗ್ ಪ್ರಕಾರ ಐದಕ್ಕೆ ಅವಳಿ, 7ನೇ ನಂಬರಿಗೆ ಮೂರು ಮರಿ. ಮರಿ ಎಣಿಸಲು 45ರಿಂದ 90ನೇ ದಿನದೊಳಗೇ ಸ್ಕ್ಯಾನ್ ಆಗಬೇಕು. ತಡವಾದರೆ ಒಂದು ಮರಿ ಇನ್ನೊಂದನ್ನು ಮರೆಮಾಡುತ್ತದೆ. ಮೈಕಟ್ಟಿನ ಅಂಕ 5ಕ್ಕೆ 2.5ರಿಂದ 3.5 ಇರಬೇಕು. 7ನೆಯದಕ್ಕೆ 4, ಎದೆಮೂಳೆಯ ಮೇಲಿನ ಕೊಬ್ಬು ಮುಷ್ಟಿಗೆ ಮುದ್ದೆಯಾಗಿ ಸಿಗುತ್ತದೆ. ಹಾಗಂತ ಈಗ ಮೇವು ಕಡಿಮೆ ಮಾಡಿ ಇಳಿಸುವಂತಿಲ್ಲ. ಹೊಟ್ಟೆ ಖಾಲಿಯಾದರೆ ಅದೇ ಕೊಬ್ಬು ಕರಗಿ ಯಕೃತ್ತಿಗೆ ತುಂಬಿಕೊಳ್ಳುತ್ತದೆ.

105ನೇ ದಿನ
ಗೋವಿನಜೋಳದ ನುಚ್ಚು, ಗೋಧಿ ಬೂಸಾ, ಶೇಂಗಾ ಹಿಂಡಿ ಸೇರಿಸಿ ದಿನಕ್ಕೆ 150 ಗ್ರಾಂನಿಂದ ಶುರು. ನಾಲ್ಕು ದಿನಕ್ಕೊಮ್ಮೆ 50 ಗ್ರಾಂ ಏರಿಸಿ 400ಕ್ಕೆ ನಿಲ್ಲಿಸುವುದು, ಎರಡು ಹೊತ್ತಿಗೆ ಹಂಚಿ. ಅವಸರಪಟ್ಟರೆ ಹೊಟ್ಟೆ ಹುಳಿಯಾಗಿ ಆಡು ಮೇವು ಬಿಡುತ್ತದೆ, ಮೇವು ಬಿಟ್ಟದ್ದೇ ರಕ್ತದಲ್ಲಿ ಕೀಟೋನ್ ತುಂಬುವ ಗಬ್ಬದ ನಂಜಿಗೆ ದಾರಿ. ಜೊತೆಗೆ ತೊಗರಿ ಹೊಟ್ಟು, ಎಳೆ ಸೊಪ್ಪು. ಗರ್ಭಕೋಶ ಒತ್ತಿ ಹೊಟ್ಟೆಯಲ್ಲಿ ಜಾಗ ಕಡಿಮೆ ಇರುವಾಗ ಒರಟು ಕಣಿಕೆ ತುಂಬಿಸಿ ಉಪಯೋಗವಿಲ್ಲ.

128ನೇ ದಿನ
7ನೇ ನಂಬರಿನ ಬಿಎಚ್‌ಬಿ (ರಕ್ತದ ಮುಖ್ಯ ಕೀಟೋನ್) ಲೀಟರಿಗೆ 1.3 ಮಿಲಿಮೋಲ್, ಹಿಂದಿನ ವಾರ 0.5 ಇತ್ತು. ಕಿವಿಯ ರಕ್ತನಾಳದ ಒಂದು ಹನಿ, ಮನುಷ್ಯರ ಕೀಟೋನ್ ಮೀಟರ್, ಯಾವಾಗಲೂ ಬೆಳಗಿನ ಮೇವಿಗೆ ಮುಂಚೆ. 0.8ರೊಳಗಿದ್ದರೆ ಚಿಂತೆಯಿಲ್ಲ, 3 ದಾಟಿದರೆ ಜೀವಕ್ಕೇ ಅಪಾಯ. ಮೂತ್ರದ ಪಟ್ಟಿ ಬೇರೆ ಕೀಟೋನನ್ನು ತೋರಿಸುವುದರಿಂದ ಎರಡನ್ನೂ ಹೋಲಿಸಬಾರದು.

ಕಾರಣ ಗೋದಲಿಯಲ್ಲೇ ಇತ್ತು: ಎರಡು ದಿನ ಮಳೆ, ಓಡಾಟವಿಲ್ಲ, ಬಲವಾದವು ಇದನ್ನು ದೂಡಿ ತಿಂದಿವೆ. ಕೊನೆಯ ತಿಂಗಳಲ್ಲಿ ಮಾಸಿನ ಹಾರ್ಮೋನುಗಳು ತಾಯಿಯ ಸ್ನಾಯು, ಕೊಬ್ಬುಗಳು ಇನ್ಸುಲಿನ್ನಿಗೆ ಓಗೊಡುವುದನ್ನು ತಗ್ಗಿಸಿ ಗ್ಲೂಕೋಸನ್ನು ಮರಿಗಳಿಗೆ ಉಳಿಸುತ್ತವೆ. ಇದು ಪ್ರಕೃತಿಯ ಒಳ್ಳೆಯ ಏರ್ಪಾಡೇ. ಆದರೆ ಮೇವು ತಪ್ಪಿದ ದಿನವೂ ಮರಿಗಳ ಪಾಲು ನಿಲ್ಲುವುದಿಲ್ಲ. ಇನ್ಸುಲಿನ್ ಕುಸಿದು, ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಏರಿ, ಕೊಬ್ಬು ಕರಗಿ, ಕೀಟೋನ್ ತುಂಬಿ ಹಸಿವನ್ನು ಇನ್ನಷ್ಟು ಕೊಲ್ಲುತ್ತದೆ.

ಕ್ರಮ: ಬೇರೆ ಗೋದಲಿ, ಯಕೃತ್ತು ಗ್ಲೂಕೋಸಾಗಿ ಬದಲಿಸಿಕೊಳ್ಳುವ ಪ್ರೊಪಿಲೀನ್ ಗ್ಲೈಕಾಲ್ ದ್ರವ 60 ಮಿ.ಲೀ., ದಿನಕ್ಕೆರಡು ಸಲ, ಮೂರು ದಿನ. ಬಾಯಿಯ ಪಕ್ಕದಿಂದ, ನುಂಗುವುದನ್ನು ನೋಡುತ್ತಾ ನಿಧಾನವಾಗಿ ಹಾಕಬೇಕು, ಇಲ್ಲವಾದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಕ್ಯಾಲ್ಸಿಯಂ ಕೂಡ ಕುಸಿದಿರಬಹುದಾದ್ದರಿಂದ ವೈದ್ಯರು ಚರ್ಮದಡಿ ಕ್ಯಾಲ್ಸಿಯಂ ಬೋರೋಗ್ಲುಕೋನೇಟ್ ಕೊಟ್ಟರು. ಬೆಲ್ಲದ ನೀರು ಬೇಡ: ಅದು ಮೊದಲ ಹೊಟ್ಟೆಯಲ್ಲೇ ಹುದುಗಿಹೋಗುತ್ತದೆ, ಸಕ್ಕರೆಯಾಗಿ ರಕ್ತಕ್ಕೆ ಸೇರುವುದು ತೀರಾ ಕಡಿಮೆ.

133ನೇ ದಿನ
7ನೆಯದರ ಬಿಎಚ್‌ಬಿ 0.7. ಮೆಲುಕು ಮರಳಿದೆ. ಇಳಿಯದಿದ್ದರೆ ಮುಂದಿನ ದಾರಿ ಡೆಕ್ಸ್‌ಟ್ರೋಸ್, ಇನ್ಸುಲಿನ್, ಕೊನೆಗೆ ಔಷಧಿಯಿಂದ ಮರಿ ಹಾಕಿಸುವುದು. ಮೂರೂ ವೈದ್ಯರ ಕೈಯಲ್ಲೇ. ಮರಿ ಹಾಕಿಸಲು ಬಳಸುವ ಡೆಕ್ಸಾಮೆಥಸೋನ್ ರೋಗನಿರೋಧಕ ಶಕ್ತಿಯನ್ನೂ ತಗ್ಗಿಸುತ್ತದೆ.

ಮರಿ ಹಾಕಿದ ದಿನ
7ನೆಯದರ ಮೂರೂ ಮರಿ ಜೀವಂತ, ತೂಕ ತಲಾ ಸುಮಾರು 1.8 ಕಿಲೋ. ಆಡಿನಲ್ಲಿ ಮಾಸಿನ ಮೂಲಕ ಮರಿಗೆ ಪ್ರತಿಕಾಯ ಹೋಗುವುದಿಲ್ಲ, ಎಲ್ಲವೂ ಗಿಣ್ಣದಿಂದಲೇ ಬರಬೇಕು. ನಂಜು ತಟ್ಟಿದ ತಾಯಿಯ ಗಿಣ್ಣ ಕಡಿಮೆ. ಆದ್ದರಿಂದ ಒಂಟಿ ಮರಿಯ ತಾಯಿಯಿಂದ ಹಿಂಡಿ, ಮೊದಲ ಎರಡು ಗಂಟೆಯೊಳಗೆ ಪ್ರತಿ ಮರಿಗೆ 90 ಮಿ.ಲೀ., ದಿನ ಮುಗಿಯುವುದರೊಳಗೆ ಒಟ್ಟು 180.

ಮರಿ ಹಾಕಿದ 14ನೇ ದಿನ
ಕೀಟೋನ್ ಇಳಿದ ಮೇಲೂ ದಾಖಲೆ ಮುಚ್ಚದಿರುವುದು ಇದಕ್ಕೇ. ಕಾರ್ಟಿಸೋಲ್ ಏರಿದಾಗ ರಕ್ತದಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ಎಣಿಕೆ ಹೆಚ್ಚುತ್ತದೆ, ಆದರೆ ಅವು ಸೋಂಕಿನ ಜಾಗಕ್ಕೆ ತಡವಾಗಿ ತಲುಪುತ್ತವೆ, ಇನ್ನೊಂದು ಬಗೆಯ ಬಿಳಿ ಕಣವಾದ ಲಿಂಫೋಸೈಟ್ ಇಳಿಯುತ್ತದೆ. ವರದಿಯ ದೊಡ್ಡ ಅಂಕಿ ನೋಡಿ ಸಮಾಧಾನಪಡಬೇಡಿ. ಗರ್ಭಕೋಶದ ಸೋಂಕು, ಕೆಚ್ಚಲು ಬಾವು, ರಕ್ತ ಹೀರುವ ಹೊಟ್ಟೆಹುಳ ಮೂರೂ ಈ ಹೊತ್ತಿಗೇ ಕಾದಿರುತ್ತವೆ. 7ನೆಯದರ ಕಣ್ಣಿನ ಒಳರೆಪ್ಪೆ ಕೆಂಪಗಿದೆ, ಅಂದರೆ ಹುಳದಿಂದ ರಕ್ತ ಕಡಿಮೆಯಾದ ಲಕ್ಷಣವಿಲ್ಲ. ಕಪ್ಪು ಬಟ್ಟೆಯ ಮೇಲೆ ಹಿಂಡಿದಾಗ ಬಲ ಮೊಲೆಯ ಹಾಲು ನಯವಾಗಿ ಹರಿಯಿತು, ಎಡದ್ದರಲ್ಲಿ ಅಕ್ಕಿ ಕಾಳಿನಷ್ಟು ಎರಡು ಹೆಪ್ಪು. ಹಾಲಿನ ಮಾದರಿ ಪರೀಕ್ಷೆಗೆ ಹೋಗಿದೆ. ಎಡಭಾಗವನ್ನು ದಿನಕ್ಕೆ ನಾಲ್ಕು ಸಲ ಪೂರ್ತಿ ಹಿಂಡಲಾಗುತ್ತಿದೆ.