ಹೊಟ್ಟೆ ಬಂದ ಕಲ್ಲುಗೋಡೆಯ ರೇಟು

ಬೀದರ್‌ನಲ್ಲಿ ಇಳಿಜಾರಿನ ಕಡೆ ಮನೆ ಕಟ್ಟಿದವರಿಗೆಲ್ಲ ಈ ಪೋಸ್ಟ್. ಅಂಗಳದ ಮಣ್ಣು ಹಿಡಿದು ನಿಲ್ಲಿಸುವ ಕಲ್ಲಿನ ತಡೆಗೋಡೆ ಮುಂದಕ್ಕೆ ಉಬ್ಬಿದ್ದರೆ ಅದನ್ನ ಹೇಗೆ ನೋಡಬೇಕು, ರಿಪೇರಿಗೆ ರೇಟು ಹೇಗೆ ಕಟ್ಟಬೇಕು ಅಂತ ಬರೀತೀನಿ. ನಾನು ಸಣ್ಣಪುಟ್ಟ ಕಟ್ಟಡ ಕೆಲಸ ಗುತ್ತಿಗೆ ಹಿಡಿಯೋನು. ತಡೆಗೋಡೆ ವಿಷಯದಲ್ಲಿ ಜನ ಎರಡು ಸಲ ದುಡ್ಡು ಕಳ್ಕೊಳ್ಳೋದನ್ನ ತುಂಬಾ ನೋಡಿದ್ದೀನಿ. ಮೊದಲ ಸಲ ಕಮ್ಮಿ ರೇಟಿಗೆ ಒಪ್ಪಿ, ಎರಡನೇ ಸಲ ಬಿದ್ದ ಮೇಲೆ.

ಪಾಪನಾಶದ ಕಡೆ ಇಳಿಯುವ ಒಂದು ಓಣಿಯಲ್ಲಿ ನಿವೃತ್ತ ಮಾಸ್ತರೊಬ್ಬರ ಮನೆ ಇದೆ. ಅವರ ಅಂಗಳ ಮೇಲೆ, ಓಣಿ ಎಂಟು ಅಡಿ ಕೆಳಗೆ. ನಡುವೆ 55 ಅಡಿ ಉದ್ದದ ಕೆಂಪು ಕಲ್ಲಿನ ಗೋಡೆ. ಮಧ್ಯದಲ್ಲಿ ಸುಮಾರು 24 ಅಡಿಯಷ್ಟು ಜಾಗದಲ್ಲಿ ಗೋಡೆಗೆ ಹೊಟ್ಟೆ ಬಂದಿತ್ತು. ಕಲ್ಲಿನ ಸಂದಿಗಳಿಗೆಲ್ಲ ಯಾರೋ ಒಬ್ಬ ಗುತ್ತಿಗೆದಾರ ದಪ್ಪಗೆ ಸಿಮೆಂಟ್ ಮೆತ್ತಿ ಹೋಗಿದ್ದ. ಆ ಸಿಮೆಂಟೂ ಆಗಲೇ ಸೀಳಿತ್ತು.

ಇಂಥ ಗೋಡೆ ನೋಡಲು ಹೋದಾಗ ನಾನು ಮೊದಲು ವಳಂಬ, ಅಂದರೆ ತುದಿಗೆ ತೂಕ ಕಟ್ಟಿದ ದಾರ, ಬಿಡ್ತೀನಿ. ಮೇಲಿನ ಅಂಚಿನಿಂದ ಒಂದು ಕೋಲು ಹೊರಗೆ ಚಾಚಿ ಅದರಿಂದ ದಾರ ಇಳಿಬಿಟ್ಟು, ಒಂದೊಂದು ಅಡಿಗೂ ದಾರಕ್ಕೂ ಕಲ್ಲಿಗೂ ನಡುವೆ ಎಷ್ಟು ಇಂಚು ಅಂತ ಬರ್ಕೊಳ್ತೀನಿ. ಒಂದು ಮಾತು ನೆನಪಿಡಿ, ಸರಿಯಾಗಿ ಕಟ್ಟಿದ ತಡೆಗೋಡೆಯ ಮುಖ ಸ್ವಲ್ಪ ಹಿಂದಕ್ಕೆ, ಅಂದರೆ ಮಣ್ಣಿನ ಕಡೆಗೆ ವಾಲಿರುತ್ತೆ. ಹಾಗೆ ವಾಲಿಸಿ ಕಟ್ಟಿದ ಗೋಡೆ ಇವತ್ತು ನೆಟ್ಟಗೆ ಕಾಣ್ತಿದೆ ಅಂದರೆ ಅದು ಮುಂದಕ್ಕೆ ಬಂದಿದೆ ಅಂತಲೇ ಅರ್ಥ. ಮಾಸ್ತರರ ಗೋಡೆಯ ಎರಡೂ ತುದಿಗಳು ಹಿಂದಕ್ಕೆ ವಾಲಿದ್ದವು. ನಡುವಿನ ಭಾಗ ದಾರಕ್ಕಿಂತ ಮುಂದೆ ಬಂದು ದಾರವನ್ನೇ ತಳ್ಳುತ್ತಿತ್ತು.

ಆಮೇಲೆ ಸಲಾಕೆ. ಗೋಡೆಯ ಬುಡದಲ್ಲಿ ಒಂದು ಸಂದಿಯ ಸಿಮೆಂಟ್ ಒಡೆದು ತೆಳ್ಳಗಿನ ಕಬ್ಬಿಣದ ಸಲಾಕೆ ಒಳಗೆ ತೂರಿಸಿದೆ. ಒಂದೂವರೆ ಅಡಿ ಆದ ಕೂಡಲೇ ಸಲಾಕೆ ಸಲೀಸಾಗಿ ಒಳಗೆ ಹೋಯ್ತು. ಅಲ್ಲಿಗೆ ಗೋಡೆಯ ದಪ್ಪ ಗೊತ್ತಾಯ್ತು. ಎಳೆದಾಗ ತುದಿಗೆ ಹಸಿ ಕೆಂಪು ಮಣ್ಣು ಅಂಟಿಕೊಂಡಿತ್ತು, ಬೆರಳಿಗೆ ಜಾರುವಷ್ಟು ಹಸಿ. ಏಪ್ರಿಲ್ ತಿಂಗಳು, ಮಳೆ ಬಿದ್ದು ಎಷ್ಟೋ ಕಾಲ ಆಗಿತ್ತು. ಮೂಗಿನ ಹತ್ತಿರ ಹಿಡಿದರೆ ಬಟ್ಟೆ ಸೋಪಿನ ವಾಸನೆ. ಮೇಲೆ ಹೋಗಿ ನೋಡಿದರೆ ಗೋಡೆಯಿಂದ ನಾಲ್ಕು ಅಡಿ ದೂರದಲ್ಲೇ ಬಚ್ಚಲ ನೀರಿನ ಇಂಗುಗುಂಡಿ, ಅದರ ಪಕ್ಕದಲ್ಲೇ ಮಾಳಿಗೆಯ ನೀರು ಇಳಿಯುವ ಪೈಪು. ಎರಡೂ ಗೋಡೆಯ ಬೆನ್ನಿಗೇ ಬಂದು ಸೇರುತ್ತಿದ್ದವು. ಸಂದಿಗೆ ಸಿಮೆಂಟ್ ಮೆತ್ತಿದವನು ನೀರು ಹೊರಗೆ ಬರೋಕೆ ಇದ್ದ ದಾರಿಯನ್ನೂ ಮುಚ್ಚಿಬಿಟ್ಟಿದ್ದ. ಹಳೆ ಗೋಡೆಯಲ್ಲಿ ಮೂರು ತೂತು ಇದ್ದವು, ಮೂರಕ್ಕೂ ಗಾರೆ ತುಂಬಿದ್ದ. ಇದನ್ನ ನೋಡಿ ನನಗೆ ನಿಜವಾಗಲೂ ಸಿಟ್ಟು ಬಂತು. ಮೆತ್ತಿದ್ದಕ್ಕೆ ದುಡ್ಡೂ ತಗೊಂಡಿದ್ದಾನಲ್ಲ.

ನೀರು ಏನು ಮಾಡುತ್ತೆ ಅನ್ನೋದಕ್ಕೆ ಒಂದು ಅಂದಾಜು ಲೆಕ್ಕ ಹೇಳ್ತೀನಿ. ಎಂಟು ಅಡಿ ಎತ್ತರದ ಗೋಡೆಯ ಹಿಂದೆ ಒಣಗಿದ ಸಾಧಾರಣ ಮಣ್ಣು ಇದ್ದರೆ, ಗೋಡೆಯ ಪ್ರತಿ ಒಂದು ಅಡಿ ಉದ್ದಕ್ಕೆ ಸುಮಾರು ಅರ್ಧ ಟನ್ ತಳ್ಳುತ್ತೆ. ಅದೇ ಮಣ್ಣಿನಲ್ಲಿ ಮೇಲಿನವರೆಗೂ ನೀರು ನಿಂತರೆ ಆ ತಳ್ಳುವಿಕೆ ಒಂದು ಟನ್ ದಾಟುತ್ತೆ. ಎರಡು ಪಟ್ಟಿಗಿಂತ ಜಾಸ್ತಿ! ಒಂದೂವರೆ ಅಡಿ ದಪ್ಪದ ಕೆಂಪು ಕಲ್ಲಿನ ಗೋಡೆ ಒಂದು ಅಡಿ ಉದ್ದಕ್ಕೆ ಹೆಚ್ಚೆಂದರೆ ಏಳುನೂರು ಕೆಜಿ ತೂಗುತ್ತೆ. ಇಷ್ಟು ವರ್ಷ ಅದು ನಿಂತಿದ್ದು ನಮ್ಮ ಕೆಂಪು ಮಣ್ಣಿಗೆ ಒಣಗಿದಾಗ ಇರುವ ಸ್ವಂತ ಬಿಗಿಯಿಂದ. ನೆಂದ ಮೇಲೆ ಆ ಬಿಗಿ ಹೋಯ್ತು.

ಬೀದರ್‌ನ ನೆಲದ ಗುಣವೂ ಇದಕ್ಕೆ ಸೇರಿಕೊಳ್ಳುತ್ತೆ. ಊರು ಕೂತಿರೋದು ಕೆಂಪು ಕಲ್ಲಿನ ಹಾಸಿನ ಮೇಲೆ. ಈ ಕಲ್ಲು ತೂತು ತೂತು, ಮೇಲೆ ಬಿದ್ದ ನೀರು ಸರಸರ ಇಳಿಯುತ್ತೆ. ಕೆಳಗೆ ಜೇಡಿ, ಅದಕ್ಕಿಂತ ಕೆಳಗೆ ಕರಿಕಲ್ಲು. ಅಲ್ಲಿಗೆ ಬಂದ ನೀರು ಇನ್ನು ಇಳಿಯಲಾಗದೆ ಅಡ್ಡಕ್ಕೆ ಹರಿದು ಇಳಿಜಾರಿನ ಅಂಚಿನಲ್ಲಿ ಹೊರಗೆ ಬರುತ್ತೆ. ಪಾಪನಾಶದ ಬುಗ್ಗೆ, ನರಸಿಂಹ ಝರಣಿಯ ಗುಹೆಯಲ್ಲಿ ಹರಿಯುವ ನೀರು ಎಲ್ಲ ಇದೇ ನೆಲದ್ದು. 15ನೇ ಶತಮಾನದಲ್ಲಿ ಬಹಮನಿಗಳ ಕಾಲಕ್ಕೆ ನೌಬಾದ್‌ನಲ್ಲಿ ಸುರಂಗ ಬಾವಿ ತೋಡಿದವರು ಈ ನೀರನ್ನೇ ಹಿಡಿದು ಊರಿಗೆ ತಂದರು. ಇಂಥ ನೀರಿರುವ ಊರಿನ ಇಳಿಜಾರಿನಲ್ಲಿ ಗೋಡೆ ಕಟ್ಟೋರು ಅದಕ್ಕೊಂದು ತೂತು ಬಿಡಲ್ಲ ಅಂದರೆ ಹೇಗೆ ಹೇಳಿ.

ಈಗ ರೇಟಿಗೆ ಬರೋಣ.

ಮಾಸ್ತರರ ಕೈಯಲ್ಲಿ ಆಗಲೇ ಒಂದು ಕೊಟೇಶನ್ ಇತ್ತು. ನಾನು ಕೊಟ್ಟಿದ್ದು ಅದರ ಮೂರು ಪಟ್ಟಿಗಿಂತ ಜಾಸ್ತಿ ಆಯ್ತು. ಅವರು ಕನ್ನಡಕ ತೆಗೆದು ಎರಡೂ ಚೀಟಿ ಪಕ್ಕಪಕ್ಕ ಇಟ್ಟು, "ತಮ್ಮಾ, ಕಲ್ಲು ಅದೇ, ಗೌಂಡಿ ಅದೇ, ಬ್ರಾಸ್ ರೇಟೂ ಹೆಚ್ಚು ಕಮ್ಮಿ ಅಷ್ಟೇ ಹಾಕೀಯಲ್ಲ. ಮತ್ತ ಇದೇನು?" ಅಂದರು. ಸರಿಯಾದ ಪ್ರಶ್ನೆ. ಬ್ರಾಸ್ ರೇಟು ಒಂದೇ ಇತ್ತು, ಬ್ರಾಸ್ ಎಷ್ಟು ಅನ್ನೋದು ಬೇರೆ ಇತ್ತು.

ಗೊತ್ತಿಲ್ಲದವರಿಗೆ ಹೇಳ್ತೀನಿ, ಒಂದು ಬ್ರಾಸ್ ಅಂದರೆ ನೂರು ಘನ ಅಡಿ. ಮೊದಲು ಕೊಟೇಶನ್ ಕೊಟ್ಟವನು ಇದ್ದ ಗೋಡೆಯನ್ನೇ ಅಳೆದಿದ್ದ. ಹೊಟ್ಟೆ ಬಂದ 24 ಅಡಿಗೆ ಎರಡೂ ಬದಿ ಸ್ವಲ್ಪ ಸೇರಿಸಿ ಉದ್ದ 30, ಎತ್ತರ 8, ದಪ್ಪ ಒಂದೂವರೆ. ಗುಣಿಸಿದರೆ 360, ಅಂದರೆ 3.6 ಬ್ರಾಸ್. ಹೊಟ್ಟೆ ಬಂದ ಗೋಡೆಯನ್ನೇ ಮತ್ತೆ ಹಾಗೇ ಕಟ್ಟೋಕೆ ರೇಟು ಕೊಟ್ಟ ಹಾಗಾಯ್ತು. ತಡೆಗೋಡೆ ತನ್ನ ಭಾರದ ಮೇಲೆ ನಿಲ್ಲಬೇಕು ಅಂದರೆ ಬುಡದಲ್ಲಿ ಅದರ ದಪ್ಪ ಎತ್ತರದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇರಬೇಕು. ಎಂಟು ಅಡಿಗೆ ನಾನು ಬುಡದಲ್ಲಿ ನಾಲ್ಕೂವರೆ, ತಲೆಯಲ್ಲಿ ಒಂದೂವರೆ ಹಿಡಿದೆ. ಸರಾಸರಿ ಮೂರು ಅಡಿ. 30 ಗುಣಿಸು 8 ಗುಣಿಸು 3, ಒಟ್ಟು 7.2 ಬ್ರಾಸ್. ಕೆಳಗೆ ಪಾಯ ಎರಡು ಅಡಿ ಆಳ, ಐದೂವರೆ ಅಡಿ ಅಗಲ, ಅದು 3.3 ಬ್ರಾಸ್. ಎರಡೂ ಸೇರಿ ಹತ್ತೂವರೆ. ಅವನ ಚೀಟಿಯಲ್ಲಿ ಪಾಯ ಅನ್ನೋ ಸಾಲೇ ಇರಲಿಲ್ಲ.

ಹಳೆ ಕಲ್ಲು ಉಪಯೋಗಕ್ಕೆ ಬರುತ್ತೆ, ಆದರೆ ಪೂರ್ತಿ ಬರಲ್ಲ. ಬಿಚ್ಚುವಾಗ ಒಡೆಯೋದು, ಮೂಲೆ ಉದುರೋದು, ಸಿಮೆಂಟ್ ಬಿಡದೇ ಇರೋದು ಎಲ್ಲ ಕಳೆದು ಮೂರು ಬ್ರಾಸ್ ಅಂತ ಹಿಡಿದೆ. ಅದನ್ನ ಮೇಲಿನ ಭಾಗಕ್ಕೆ ಇಟ್ಟು, ಬುಡಕ್ಕೂ ಪಾಯಕ್ಕೂ ಕರಿಕಲ್ಲು ಬರೆದೆ. ಕೆಂಪು ಕಲ್ಲು ಕೆತ್ತೋಕೆ ಸುಲಭ, ನೋಡೋಕೆ ಚೆಂದ, ಕೋಟೆಯನ್ನೇ ಕಟ್ಟಿದ್ದಾರೆ. ಆದರೆ ಹಗುರ. ಇಲ್ಲಿ ನಮಗೆ ಬೇಕಾಗಿರೋದು ತೂಕ. ಕಲ್ಲು ತರಿಸುವಾಗ ಕಟ್ಟುವ ಅಳತೆಗಿಂತ ಜಾಸ್ತಿ ಹೇಳಬೇಕು, ರಾಶಿ ಹಾಕಿದಾಗ ನಡುವೆ ಸಂದಿ ಇರುತ್ತಲ್ವಾ. ಒಂದಾರು ಮಂದಿ ಒಟ್ಟಿಗೆ ಎತ್ತುವಂಥ ಕಲ್ಲು ಬೇಡ, ಆದರೆ ಗೋಡೆಯ ಒಳಕ್ಕೆ ಎರಡು ಮೂರು ಅಡಿ ಚಾಚಿ ಕೂರುವ ಉದ್ದ ಕಲ್ಲು ಬೇಕೇ ಬೇಕು. ಮುಂದಿನ ಸಾಲು ಹಿಂದಿನ ಸಾಲು ಬೇರೆ ಬೇರೆ ಆಗಿ ನಡುವೆ ಬರೀ ಚೂರು ಕಲ್ಲು ತುಂಬಿದರೆ ಅಲ್ಲೇ ಹೊಟ್ಟೆ ಬರೋದು. ಇದನ್ನ ಕೊಟೇಶನ್‌ನಲ್ಲೇ ಬರೆಸಿ. ಗೋಡೆ ಎದ್ದ ಮೇಲೆ ಹೊರಗಿನಿಂದ ಯಾರಿಗೂ ಗೊತ್ತಾಗಲ್ಲ.

ಸಿಮೆಂಟ್ ಒಂದಕ್ಕೆ ಆರು ಉಸುಕು ಹಾಕಿದರೆ ಬ್ರಾಸಿಗೆ ಐದು ಚೀಲ ಹಿಡಿಯುತ್ತೆ, ಒಟ್ಟು 52ರಿಂದ 55 ಚೀಲ. ಒಬ್ಬ ಗೌಂಡಿ ಇಬ್ಬರು ಕೂಲಿಗಳ ಜೊತೆ ದಿನಕ್ಕೆ 40 ಘನ ಅಡಿ ಒಳ್ಳೆ ಕೆಲಸ ಮಾಡ್ತಾನೆ. ಗೌಂಡಿಗೆ 900, ಕೂಲಿಗೆ ತಲಾ 600 ಅಂತ ನಾನು ಹಿಡಿದಿದ್ದೆ. ಆ ಲೆಕ್ಕಕ್ಕೆ ಬ್ರಾಸಿಗೆ ಬರೀ ಕೂಲಿಯೇ 5,250. ನಿಮ್ಮೂರಿನ ಪಗಾರ ಹಾಕಿ ಗುಣಿಸಿಕೊಳ್ಳಿ. ಇದಕ್ಕಿಂತ ತುಂಬಾ ಕಮ್ಮಿ ಹೇಳೋನು ಒಂದೋ ಅವಸರ ಮಾಡ್ತಾನೆ, ಇಲ್ಲಾ ಕಲ್ಲು ಕೂರಿಸೋ ಬದಲು ಒಳಗೆ ಸುರೀತಾನೆ.

ಇನ್ನು ಯಾರೂ ಬರೆಯದ ಸಾಲುಗಳು. ದಪ್ಪ ಗೋಡೆಯನ್ನ ಓಣಿಯ ಕಡೆ ತಳ್ಳೋಕೆ ಆಗಲ್ಲ, ಅದು ಎಲ್ಲರ ದಾರಿ. ಹಾಗಾಗಿ ಅಂಗಳದ ಕಡೆ ಅಗೀಬೇಕು. ಮಣ್ಣು ಕುಸಿಯಬಾರದು ಅಂದರೆ ಇಳಿಜಾರಾಗಿ ಅಗೀಬೇಕು, ಸುಮಾರು 13 ಬ್ರಾಸ್ ಮಣ್ಣು. ಅಗೆದ ಮೇಲೆ ಮಣ್ಣು ಉಬ್ಬುತ್ತೆ, ಸಾಗಿಸುವಾಗ ಕಾಲು ಭಾಗ ಜಾಸ್ತಿ ಅಂತ ಲೆಕ್ಕ. ಓಣಿಗೆ ಜೆಸಿಬಿ ಬರಲ್ಲ, ಎಲ್ಲ ಕೈಯಲ್ಲೇ. ಬುಟ್ಟಿಯಲ್ಲಿ ಹೊತ್ತು ರಸ್ತೆ ಮೂಲೆಯ ಟ್ರ್ಯಾಕ್ಟರ್‌ಗೆ ತುಂಬಬೇಕು. ಈ ಒಂದು ಕೆಲಸದ ಕೂಲಿ ಎಷ್ಟೋ ಸಲ ಸಿಮೆಂಟಿನ ಖರ್ಚನ್ನೂ ಮೀರುತ್ತೆ. ಜಾಗಕ್ಕೆ ಬಾರದೇ ಫೋನಿನಲ್ಲೇ ರೇಟು ಹೇಳೋರಿಗೆ ಇದು ಗೊತ್ತೇ ಇರಲ್ಲ.

ಗೋಡೆಯ ಬೆನ್ನಿಗೆ ಒಂದು ಅಡಿ ದಪ್ಪ ಕೈಯಿಂದ ಜೋಡಿಸಿದ ಕಲ್ಲು ಮತ್ತು ಖಡಿ, ಅದು 2.4 ಬ್ರಾಸ್. ಅದರ ಹಿಂದೆ ಸಣ್ಣ ಖಡಿ, ಆಮೇಲೆ ದಪ್ಪ ಉಸುಕು. ಇಲ್ಲದಿದ್ದರೆ ಮಣ್ಣು ಬಂದು ಸಂದಿಗಳನ್ನ ತುಂಬಿಬಿಡುತ್ತೆ. ನಾಲ್ಕು ಇಂಚಿನ ಪೈಪಿನ ತೂತು ಐದೈದು ಅಡಿಗೆ ಒಂದು, ಎರಡು ಸಾಲು, ಹೊರಗೆ ಇಳಿಜಾರು. ಹಿಂದೆ ತುಂಬೋಕೆ ಅಗೆದ ಜಿಗಟು ಮಣ್ಣು ಬೇಡ, ಮೊರಂ, ಅಂದರೆ ಗರಸು ಮಣ್ಣು ಬೇಕು. ಎಂಟೊಂಬತ್ತು ಇಂಚಿಗೊಂದು ಸಲ ಧಮ್ಮಸ್ಸು ಹೊಡೀಬೇಕು, ಸುಮ್ನೆ ಸುರಿದು ನೀರು ಬಿಟ್ಟರೆ ಆಗಲ್ಲ. ಇಂಗುಗುಂಡಿ ಮುಚ್ಚಿ ಬಚ್ಚಲ ನೀರನ್ನೂ ಮಾಳಿಗೆ ನೀರನ್ನೂ ಪೈಪಿನಲ್ಲಿ ಓಣಿಯ ಗಟಾರಕ್ಕೆ ಸೇರಿಸೋದು. ಇದು ಎಲ್ಲಕ್ಕಿಂತ ಅಗ್ಗದ ಸಾಲು. ನನ್ನ ಚೀಟಿಯಲ್ಲಿ ನಾನು ಮೊದಲು ಬರೆದಿದ್ದೂ ಇದನ್ನೇ. ಇದಕ್ಕೆ ಒಪ್ಪದಿದ್ದರೆ ಗೋಡೆ ಕೆಲಸಕ್ಕೆ ಕೈ ಹಾಕಲ್ಲ ಅಂತಲೂ ಹೇಳಿದೆ. "ಬಚ್ಚಲ ನೀರಿಗಿ ಇಷ್ಟು ಶಕ್ತಿ ಅದ ಏನು?" ಅಂತ ಮಾಸ್ತರರ ಹೆಂಡತಿ ಒಳಗಿನಿಂದ ಕೇಳಿದರು. ಸಲಾಕೆಯ ಮಣ್ಣು ಅವರ ಕೈಗೂ ಕೊಟ್ಟೆ, ಮೂಸಿ ನೋಡಿದರು.

ಪಾಯದ ಬಗ್ಗೆ ಒಂದು ವಿಷಯ. ಅಗೆದು ನೋಡುವ ತನಕ ಗಟ್ಟಿ ನೆಲ ಎಲ್ಲಿ ಸಿಗುತ್ತೆ ಅಂತ ಯಾರೂ ಹೇಳೋಕಾಗಲ್ಲ. ಹಾಗಾಗಿ ಇಡೀ ಕೆಲಸಕ್ಕೆ ಇಷ್ಟು ಅಂತ ಒಂದೇ ಮೊತ್ತ ಮಾತಾಡೋದು ಇಬ್ಬರಿಗೂ ಒಳ್ಳೇದಲ್ಲ. ಗುತ್ತಿಗೆದಾರ ಹೆದರಿ ಜಾಸ್ತಿ ಹೇಳ್ತಾನೆ, ಇಲ್ಲಾ ಕಮ್ಮಿ ಹೇಳಿ ಮೇಲೆ ಮೇಲೇ ಪಾಯ ಹಾಕ್ತಾನೆ. ನಾನು ಎರಡು ಅಡಿಗೆ ಮೊತ್ತ ಬರೆದು, ಅದಕ್ಕಿಂತ ಕೆಳಗೆ ಹೋದರೆ ಬ್ರಾಸಿಗೆ ಇಷ್ಟು ಅಂತ ಬೇರೆ ಬರೆದೆ. ಅಗೆದ ಮೇಲೆ ಮಾಸ್ತರರೇ ಟೇಪು ಹಿಡಿದು ಅಳೀಬೇಕು, ಆಮೇಲೇ ಕಲ್ಲು ಇಡೋದು. ನನ್ನ ಲಾಭವನ್ನೂ ಕಲ್ಲಿನ ರೇಟಿನಲ್ಲಿ ಬಚ್ಚಿಡಲಿಲ್ಲ, ಮೇಲ್ಖರ್ಚು ಸೇರಿ ಶೇ 15 ಅಂತ ಕೊನೆಗೆ ಬರೆದೆ. ಕೇಂದ್ರ ಸರ್ಕಾರದ ಲೋಕೋಪಯೋಗಿ ಇಲಾಖೆ, ಅಂದರೆ ಸಿಪಿಡಬ್ಲ್ಯುಡಿ, ದರ ಕಟ್ಟುವಾಗಲೂ ಇಷ್ಟನ್ನೇ ಹಿಡಿಯುತ್ತೆ. ಇದನ್ನ ತೋರಿಸಿದರೆ ಗಿರಾಕಿ ಚೌಕಾಸಿ ಮಾಡ್ತಾರೆ ಅಂತ ಹೆದರೋರಿದ್ದಾರೆ. ಮಾಡಲಿ. ಚೌಕಾಸಿ ಅಲ್ಲಿ ಆಗಲಿ, ಖಡಿ ಉಸುಕಿನಲ್ಲಿ ಬೇಡ.

ಬಿಚ್ಚುವ ಕೆಲಸಕ್ಕೆ ದಯವಿಟ್ಟು ಅವಸರ ಮಾಡಬೇಡಿ. ಮೇಲಿನಿಂದ ಕೆಳಗೆ, ಒಂದು ಸಲಕ್ಕೆ ಎಂಟು ಹತ್ತು ಅಡಿ ಉದ್ದ ಮಾತ್ರ. ಅದನ್ನ ಕಟ್ಟಿ ಮೇಲೆ ತಂದ ನಂತರ ಮುಂದಿನದು. 30 ಅಡಿ ಒಟ್ಟಿಗೆ ಕೆಡವಿದರೆ ಅಂಗಳವೇ ಜಾರಿ ಕೆಲಸದವರ ಮೇಲೆ ಬರುತ್ತೆ. ಓಣಿಯಲ್ಲಿ ಮಕ್ಕಳು ಆಡದ ಹಾಗೆ ಎರಡೂ ಕಡೆ ಅಡ್ಡ ಕಟ್ಟಿ. ಅಗೆದ ಮಣ್ಣಿಗೆ ರಾತ್ರಿ ತಾಡಪತ್ರಿ ಹೊದಿಸಿ, ಮೇ ತಿಂಗಳಲ್ಲೂ ಅಡ್ಡ ಮಳೆ ಬರುತ್ತೆ. ಗೋಡೆ ಹತ್ತು ಅಡಿ ದಾಟಿದ್ದರೆ, ಅಥವಾ ಅದರ ತಲೆಯ ಹತ್ತಿರವೇ ಮನೆ ಇದ್ದರೆ, ನನ್ನಂಥವನ ಲೆಕ್ಕ ಸಾಲದು. ಇಂಜಿನಿಯರ್‌ಗೆ ಫೀಸು ಕೊಟ್ಟು ಕರೆಸಿ.

ಮಾಸ್ತರರು ಒಪ್ಪಿದರು. ಕೆಲಸ ಮಿರಗದ, ಅಂದರೆ ಜೂನ್‌ನ ಮೃಗಶಿರಾ ಮಳೆಯ ಒಳಗೆ ಮುಗಿಸಬೇಕು ಅಂತ ಮಾತು. ದುಡ್ಡು ನಾಲ್ಕು ಕಂತು. ಕಲ್ಲು ಬಂದಾಗ, ಪಾಯ ಅಳೆದಾಗ, ಗೋಡೆ ತಲೆಗೆ ಬಂದಾಗ, ಕೊನೆಯದು ಶೇ 10 ಮೊದಲ ದೊಡ್ಡ ಮಳೆ ಆದ ಮೇಲೆ, ತೂತುಗಳಿಂದ ನೀರು ಬರ್ತಿದೆಯಾ ಅಂತ ಇಬ್ಬರೂ ನೋಡಿದ ನಂತರ. ಉಳಿದ 25 ಅಡಿ ಹಳೆ ಗೋಡೆಯನ್ನ ಈ ಸಲ ಮುಟ್ಟಲ್ಲ. ಸಂದಿಯ ಸಿಮೆಂಟ್ ತೆಗೆದು ತೂತು ಕೊರೆದು ಕೊಡ್ತೀನಿ. ನಾಲ್ಕು ಕಡೆ ವಳಂಬದ ಅಳತೆಯನ್ನ ತಾರೀಕಿನ ಜೊತೆ ಕಲ್ಲಿನ ಮೇಲೇ ಪೇಂಟಿನಲ್ಲಿ ಬರೆದಿದ್ದೀನಿ, ದೀಪಾವಳಿ ಹೊತ್ತಿಗೆ ಮತ್ತೆ ಅಳೆದು ನೋಡಬೇಕು.