ಮುಟ್ಟಾಳೆಯನ್ನು ಮಗುಚಿ ನೋಡಿ

ಕಾಸರಗೋಡಿನ ಕುಂಬಳೆ, ಬದಿಯಡ್ಕ ಕಡೆಯ ಜಾತ್ರೆ ಸಂತೆಯಲ್ಲಿ ಮುಟ್ಟಾಳೆ, ಅಂದರೆ ಅಡಿಕೆ ಸೋಗೆಯ ಬುಡದ ಹಾಳೆಯಿಂದ ಮಾಡಿದ ಟೊಪ್ಪಿ, ಕಂಡರೆ ತಲೆಗಿಟ್ಟು ಸೆಲ್ಫಿ ತೆಗೆದು ಅಲ್ಲೇ ಬಿಟ್ಟು ಹೋಗುವವರೇ ಜಾಸ್ತಿ. ಒಮ್ಮೆ ಮಗುಚಿ ಮೂಲೆಯ ಮಡಿಕೆ ನೋಡಿ ಮಾರಾಯ್ರೆ, ಕೆಲಸಗಾರಿಕೆ ಇರುವುದೇ ಅಲ್ಲಿ.

ಒಣ ಹಾಳೆಯನ್ನು ಹಾಗೆಯೇ ಮಡಿಸಿದರೆ ಟಪ್ಪಂತ ಸೀಳುತ್ತದೆ. ನೀರಲ್ಲಿ ನೆನೆಸಿ, ಮುರಿಯದೆ ಬಗ್ಗುವಷ್ಟು ಮೆತ್ತಗಾದ ಮೇಲೆಯೇ ಕೈ ಹಾಕಬೇಕು. ಆಗಷ್ಟೇ ಬಿದ್ದ ಹಸಿ ಹಾಳೆ ಸುಲಭವಾಗಿ ಬಗ್ಗುತ್ತದೆ ನಿಜ, ಆದರೆ ಒಣಗುತ್ತಾ ಸುರುಟಿಕೊಂಡು ಅಳತೆ ಕೆಡುತ್ತದೆ. ಇನ್ನು ಹೊಲಿಗೆ. ಹಾಳೆಯ ನಾರು ಉದ್ದಕ್ಕೆ ಓಡುತ್ತದೆ. ತೂತುಗಳೆಲ್ಲ ಒಂದೇ ನಾರಿನ ಸಾಲಿಗೆ ಬಿದ್ದರೆ ದಾರ ಬಿಗಿದ ಕೂಡಲೇ ಹಾಳೆ ಹರಿಯುತ್ತದೆ. ಕೈ ಪಳಗಿದವರು ದಬ್ಬಣವನ್ನು ಒಂಚೂರು ಆಚೀಚೆ ಚುಚ್ಚುವುದು ಅದಕ್ಕೇ.

ಮಳೆಗಾಲದ ಹಾಳೆಗೆ ಕಪ್ಪು ಬೂಸ್ಟು ಹಿಡಿದಿರುತ್ತದೆ, ತಿಕ್ಕಿ ತೊಳೆದರೂ ಕಲೆ ಹೋಗದು. ಹಾಗಾಗಿ ಅಗಲವಾದ, ಕಲೆಯಿಲ್ಲದ, ಸೀಳದ ಹಾಳೆ ಬೇಸಗೆಯಲ್ಲೇ ಹೆಕ್ಕಿ ಇಡಬೇಕು. ‘ತೋಟದಲ್ಲಿ ಬಿಟ್ಟಿ ಬಿದ್ದಿರುವ ಹಾಳೆಗೆ ಇಷ್ಟು ದುಡ್ಡಾ’ ಎಂದು ಚೌಕಾಸಿ ಮಾಡುವವರು ಒಂದು ಹಾಳೆ ಮಡಿಸಿ ನೋಡಲಿ, ಸಾಕು.

ಬುಟ್ಟಿ ಹೆಣೆಯುವುದರಲ್ಲಿ ಪಳಗಿದ ಬುಡಕಟ್ಟಿನವರಾದ ಕೊರಗರು ಹೆಣೆದ ಬುಟ್ಟಿ ಸಿಕ್ಕರಂತೂ ಬಿಡಬೇಡಿ, ಅಂಚಿನ ಬಿಗಿ ನೋಡಿದರೇ ಗೊತ್ತಾಗುತ್ತದೆ. ಬಿದಿರಿನದಾದರೆ ಮೆಲ್ಲ ತಟ್ಟಿ. ಹಿಟ್ಟಿನಂಥ ಪುಡಿ ಉದುರಿದರೆ ಕುಟ್ಟೆ (ಬಿದಿರು ಕೊರೆಯುವ ಹುಳ) ಹಿಡಿದಿದೆ ಎಂದರ್ಥ. ಒಲೆಯ ಹೊಗೆ ತಾಗುವಲ್ಲಿ ತೂಗುಹಾಕಿದ್ದು ಬಾಳಿಕೆ ಬರುತ್ತದೆ. ಮುಟ್ಟಾಳೆಯನ್ನು ಮಾತ್ರ, ಒದ್ದೆಯಾದರೆ ನೆರಳಲ್ಲಿ ಒಣಗಿಸಿ.